ಇಲಿಮನೆಯ ಜರಡಿ

ಬೆಳಗಿನ ಐದೂವರೆ. ಪ್ರಯೋಗಾಲಯದ ಇಲಿಮನೆಯಲ್ಲಿ ಇಲಿಗಳನ್ನು ನೋಡಿಕೊಳ್ಳುವ ಇಲಿಯಕ್ಕ ಒಂದೊಂದೇ ಪಂಜರದಿಂದ ಮೇವಿನ ಬಿಲ್ಲೆ ತೆಗೆಯುತ್ತಿದ್ದಾರೆ. ಹನ್ನೊಂದೂವರೆಗೆ ಬಾಲದ ತುದಿಯಿಂದ ಹನಿ ರಕ್ತ ತೆಗೆದು ಸಕ್ಕರೆ ನೋಡುತ್ತಾರೆ. ಅಲ್ಲಿಯವರೆಗೆ ಇಲಿಗಳಿಗೆ ಉಪವಾಸ. "ಸರಿಯೋ ಡುಮ್ಮ, ಮುನಿಸ್ಕೋಬೇಡ," ಎನ್ನುತ್ತ ಕೈಗವಸಿನ ಬೆರಳಿಂದ ಮೆಲ್ಲಗೆ ಸರಿಸುತ್ತಾರೆ. ಇಪ್ಪತ್ತೊಂದು ವರ್ಷದಿಂದ ತಲೆಗೆ ವಾಸನೆಯೆಣ್ಣೆ ಸೋಕಿಸಿಲ್ಲ, ಇಲಿಗಳು ಬೆದರುತ್ತವೆ.

ನೂರ ನಲವತ್ತು ಪಂಜರ. ಎಲ್ಲಕ್ಕೂ ಕೊಬ್ಬು ತುಂಬಿದ ಮೇವು. ತಿಂದು ತಿಂದು ಮೈ ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಡುತ್ತದೆ, ಮನುಷ್ಯರಿಗೆ ಸಕ್ಕರೆ ಕಾಯಿಲೆ ಹತ್ತುವಂತೆಯೇ. ಅರ್ಧ ಇಲಿಗಳಲ್ಲಿ ಒಂದು ಜೀನ್ ತೆಗೆದಿದ್ದಾರೆ. ಕೆಲವು ವರ್ಷದ ಹಿಂದೆ ಇಂಥವೇ ಇಲಿಗಳು ಅಷ್ಟೇ ತಿಂದರೂ ಕೆಡಲಿಲ್ಲವೆಂದು ಸಂಶೋಧಕರು ಹಿರಿಹಿರಿ ಹಿಗ್ಗಿದರು.

ಇಲಿಯಕ್ಕನಿಗೆ ಮಾತ್ರ ಅನುಮಾನ. ಸಂಶೋಧಕರು ತೂಗಿಸುತ್ತಿದ್ದುದು ತೊಟ್ಟಿಯಲ್ಲಿ ಉಳಿದ ಮೇವನ್ನು ಮಾತ್ರ. ಕಡಿಮೆಯಾದದ್ದೆಲ್ಲ ಹೊಟ್ಟೆಗೆ ಹೋಯಿತೆಂದು ಲೆಕ್ಕ. ಆದರೆ ಜೀನ್ ತೆಗೆದ ಇಲಿಗಳು ಮೆತ್ತನೆಯ ಬಿಲ್ಲೆಯನ್ನು ಕಡಿದು ಕಡಿದು ಕೆಡವುತ್ತಿದ್ದವು. ಅಕ್ಕ ಪಂಜರದ ತಳಕ್ಕೆ ಹರಡಿದ ಹೊಟ್ಟಿನ ಹಾಸನ್ನು ಜರಡಿ ಹಿಡಿದು, ಉದುರಿದ ಪುಡಿ ತೂಗಿ, ಬರೆದಿಟ್ಟರು. ತಿಂದವೆಂದು ಲೆಕ್ಕ ಹಿಡಿದ ಮೇವಿನಲ್ಲಿ ಮೂರರಲ್ಲೊಂದು ಪಾಲು ಹಾಸಿನಲ್ಲೇ ಇತ್ತು.

"'ಸಾರ್, ಇವು ತಿಂತಿಲ್ಲ, ಚೆಲ್ತಿವೆ' ಅಂದೆ. 'ನೀವು ಪಂಜರ ತೊಳೀರಿ ಅಕ್ಕ, ವಿಜ್ಞಾನ ನಾವು ನೋಡ್ಕೋತೀವಿ' ಅಂದ್ರು. ಎಲ್ರೂ ನಕ್ರು. ನಾನೂ ನಕ್ಕೆ, ಇನ್ನೇನ್ ಮಾಡ್ಲಿ."

ಪ್ರಬಂಧ ಅಚ್ಚಾಯಿತು. ಬೇರೆಯವರು ಅದೇ ಪ್ರಯೋಗ ಮಾಡಿದರು, ಆ ಫಲ ಬರಲಿಲ್ಲ. ಕಳೆದ ತಿಂಗಳು ಸಂಶೋಧಕರು ಪ್ರಬಂಧವನ್ನು ಹಿಂತೆಗೆದುಕೊಂಡ ಪತ್ರದಲ್ಲಿ ಕಾರಣ ಒಂದೇ ಸಾಲು: ಇಲಿಮನೆಯ ಸಿಬ್ಬಂದಿಯ ಅಜಾಗರೂಕತೆ.

"ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತಂತೆ. ಸಿಬ್ಬಂದಿ ಅಂದ್ರೆ ಇಲ್ಲಿ ಯಾರು ಹೇಳಿ? ನಾನೊಬ್ಳೇ."

"ಬಿಟ್ಟಾಕಿ ಅತ್ತೆ, ಆ ಪತ್ರ ಯಾರು ಓದ್ತಾರೆ?" ಎನ್ನುತ್ತಾಳೆ ಸೊಸೆ. ಓದುವವರು ಓದುತ್ತಾರೆ. ಇನ್ನು ಮೂರು ತಿಂಗಳಿಗೆ ನಿವೃತ್ತಿ. ಅಷ್ಟರೊಳಗೆ ಆ ಸಾಲು ಅಳಿಸಬೇಕು, ಅಕ್ಕನ ಆಸೆ ಅಷ್ಟೇ. ತೂಕ ಬರೆದ ಪುಸ್ತಕ ಹಿಡಿದು ಎರಡು ಸಲ ಕಚೇರಿಗೆ ಹೋದರು. ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ತೂಗೋಕೆ ಹೇಳಿದ್ಯಾರು?"

ಗೋಡೆಯ ಮೇಲೀಗ ಹೊಸ ನಿಯಮದ ಹಾಳೆ ಅಂಟಿದೆ: ಹಾಸನ್ನು ಜರಡಿ ಹಿಡಿದು, ಉದುರಿದ ಪುಡಿಯನ್ನೂ ತೂಗತಕ್ಕದ್ದು. ಕೆಳಗೆ ಅದೇ ಸಂಶೋಧಕರ ಸಹಿ. ಇಲಿಯಕ್ಕ ಅದನ್ನೊಮ್ಮೆ ನೋಡಿ, ಕೈಯಲ್ಲಿದ್ದ ಜರಡಿಯನ್ನು ಕೊಡವುತ್ತಾರೆ.

"ಈ ಜರಡಿ ನಂದು, ಮನೆಯಿಂದ ತಂದಿದ್ದು. ಹೋಗುವಾಗ ತಗೊಂಡೇ ಹೋಗ್ತೀನಿ."