ಉಣುಗಿನಂಥ ಸೂಜಿ

ಮಂಗನ ಕಾಯಿಲೆಯ ಕಾಲದಲ್ಲಿ ನಮ್ಮ ಹೊಸನಗರದ ಕಡೆಗೆ ಸಂಶೋಧಕಿಯೊಬ್ಬರು ಬರುತ್ತಿದ್ದರು. ಕಾಡಿನ ತರಗೆಲೆಗಳ ಮೇಲೆ ಬಿಳಿ ಬಟ್ಟೆ ಎಳೆದು, ಅದಕ್ಕೆ ಹತ್ತಿದ, ಆ ರೋಗ ಹರಡುವ ಉಣುಗುಗಳನ್ನು ಹಿಡಿಯುವುದು ಅವರ ಕೆಲಸ. ಯಾರು ಏನೇ ಹೇಳಲಿ, "ಹೇಗೆ?" ಎನ್ನುತ್ತಿದ್ದರು. "ಉಣುಗು ಕಚ್ಚಿದ್ದು ಗೊತ್ತೇ ಆಗ್ಲಿಲ್ಲ" ಎಂದು ಅಮ್ಮ ಒಮ್ಮೆ ಅಂದಾಗಲೂ ಅದನ್ನೇ ಕೇಳಿದರು. ಆಮೇಲೆ ಎರಡು ಬೆರಳುಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು, ಅದರೊಳಗಿನ ಬೆಳಕನ್ನೇ ನೋಡುತ್ತ ಕೂತರು. "ಈ ಹುಳಕ್ಕೆ ಬರೋ ವಿದ್ಯೆ ನಮ್ಮ ಸೂಜಿಗೆ ಯಾಕೆ ಬರಲ್ಲ?"

ಕೆಲವು ವರ್ಷ ಬಿಟ್ಟು ಮತ್ತೆ ಬಂದಾಗ ಅವರು ಉಣುಗು ಬಿಟ್ಟು, ಯಾವುದೋ ಪ್ರಯೋಗಾಲಯ ಸೇರಿ ನೋವಾಗದ ಸೂಜಿ ಮಾಡುತ್ತಿದ್ದರು. ಚೀಲದಿಂದ ಅಂಗಿಯ ಗುಂಡಿಯಷ್ಟು ಅಗಲದ ಗಾಜಿನ ಬಿಲ್ಲೆ ತೆಗೆದರು. ಅದರ ಮೇಲಿನ ಸೂಜಿಮುಳ್ಳುಗಳು ಕಣ್ಣಿಗೆ ಕಾಣುತ್ತಿರಲಿಲ್ಲ. ಮುಟ್ಟಿದರೆ ಬೆಕ್ಕಿನ ನಾಲಿಗೆ ತಾಕಿದಂತಿತ್ತು.

ಅದನ್ನು ಅಮ್ಮನ ತೋಳಿಗೆ ಒತ್ತಿದರು. "ಗೊತ್ತೇ ಆಗ್ಲಿಲ್ಲ" ಎಂದಳು ಅಮ್ಮ. ನೋಡಲು ಬಂದಿದ್ದ ನೆರೆಮನೆಯವರೂ ಒತ್ತಿಸಿಕೊಂಡು ಹಾಗೇ ಎಂದರು. ಸಂಶೋಧಕಿಗೆ ಯಾಕೋ ಅನುಮಾನ. ಮಾಮೂಲಿ ಇಂಜೆಕ್ಷನ್ ಸೂಜಿ ತೆಗೆದು ಅಮ್ಮನಿಗೆ ಚುಚ್ಚಿದರು. ಅಮ್ಮನ ಕಣ್ಣಲ್ಲಿ ನೀರು ಬಂತು.

"ಇದೂ ಗೊತ್ತಾಗ್ಲಿಲ್ಲ."

"ಯಾಕಮ್ಮಾ ಸುಳ್ಳು ಹೇಳ್ತೀರಿ?"

"ಮತ್ತೆಂತ ಮಾಡೂದು? ಅಷ್ಟು ದೂರದಿಂದ ಬಂದೀರಿ. ನೋವಾಯ್ತು ಅಂತ ಮುಖಕ್ಕೆ ಹೇಳೂಕಾಗ್ತದಾ?"

"ಹಾಗಾದ್ರೆ ಮೊದಲ್ನೇದು?"

ಅಮ್ಮ ನೆಲ ನೋಡಿದಳು. "ಅದೂ ಚುಚ್ತು."

ಅಷ್ಟು ವರ್ಷಗಳ ಕೆಲಸ ನಮ್ಮ ಜಗಲಿಯಲ್ಲೇ ಮುರಿದುಬಿತ್ತು ಎಂದುಕೊಂಡು ನಾನು ತಲೆತಗ್ಗಿಸಿದೆ. ಅವರು ಚಾಪೆಯ ಮೇಲೆ ಅಮ್ಮನ ಹತ್ತಿರಕ್ಕೆ ಸರಿದು ಕೂತರು. ಮುಖ ಅರಳಿತ್ತು.

"ಹೇಗೆ ಚುಚ್ತು?"