ಏನೋ ಸುಮಾರು

ಈ ಹೊತ್ತು ಬೆಳಗ್ಗೆ ಒದ್ದೆ ಗೋಣಿ ಸರಿಸಿದಾಗ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮೂಗಿಗೆ ಬಡಿಯಿತು. ನಿಮ್ಮಲ್ಲಿ ರೇಷ್ಮೆ ಹುಳ ಸಾಕಿದವರಿದ್ದರೆ ಆ ವಾಸನೆ ಗೊತ್ತಿರುತ್ತದೆ. ಮೂಗಿಗೆ ಹಿತ. ಹುಳ ನಾಲ್ಕನೇ ಜ್ವರ ಮುಗಿಸಿ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದು, ಗಬಗಬ ತಿನ್ನುವ ದಿನಗಳಿವು. ಗೂಡು ಕಟ್ಟುವ ತನಕ ಏನೂ ನಮ್ಮ ಕೈಯಲ್ಲಿಲ್ಲ. ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆಯ ಶಿವಮ್ಮಕ್ಕ, "ಉಳ ಎಂಗವೆಯವ್ವ?" ಅಂದರು.

"ಏನೋ ಸುಮಾರಾಗವೆ ಕಣಕ್ಕ" ಅಂದೆ. ತಿರುಗಿ ನೋಡಿದರೆ, ಸೊಪ್ಪು ಹಾಕುತ್ತಿದ್ದ ಮಗಳು ಸಿಂಚನಾ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ನನ್ನ ತವರು ಯಳಂದೂರಿನ ಕಡೆ. ಭತ್ತದ ಬಯಲಿನಲ್ಲಿ ಬೆಳೆದವಳು, ಹುಳ ಕಂಡವಳಲ್ಲ. ಮದುವೆಯಾಗಿ ಬಂಡಳ್ಳಿಗೆ ಬಂದಾಗ ಅತ್ತೆ ಕಲಿಸಿದ ಮೊದಲ ಪಾಠ ಸೊಪ್ಪು ಹೆಚ್ಚುವುದಲ್ಲ, ಮಾತಾಡುವುದು. ಹುಳ ಎಷ್ಟೇ ಚೆನ್ನಾಗಿರಲಿ, ಗೂಡು ಬಿಡಿಸುವ ತನಕ ಚೆನ್ನಾಗಿದೆ ಅನ್ನಬಾರದು. ದೃಷ್ಟಿ ತಾಕುತ್ತದೆ. ಯಾರು ಕೇಳಿದರೂ ಒಂದೇ ಉತ್ತರ, ಏನೋ ಸುಮಾರು. ಹೊಸದಾಗಿ ಕಲಿತವರ ಹುರುಪು ನಿಮಗೆ ಗೊತ್ತಲ್ಲ, ನಾನು ಅತ್ತೆಯನ್ನೂ ಮೀರಿಸಿದೆ. ಸಾರು ಹೇಗಿದೆ ಅಂದರೂ ಸುಮಾರು, ಗಂಡ ಹೇಗಿದ್ದಾನೆ ಅಂದರೂ ಸುಮಾರು. ಸಿಂಚನಾ ಮಾತು ಕಲಿತದ್ದೇ ಇಂಥ ಮನೆಯಲ್ಲಿ.

ಆ ಹುಡುಗಿಗೆ ಲೆಕ್ಕ ಅಂದರೆ ಆಟ. ಹುಳದ ತಟ್ಟೆಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಹುಳ ಹಣ್ಣಾಗಿ ಗೂಡು ಕಟ್ಟಲು ಏರುವ ತನಕ ಇನ್ನೆಷ್ಟು ಹೊರೆ ಸೊಪ್ಪು ಬೇಕು ಅಂತ ಹೇಳಿಬಿಡುತ್ತಿದ್ದಳು. ಹೇಳಿದ ಮೇಲೆ ಒಂದು ಹೊರೆಯೂ ಮಿಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ, ಜಾಣ ಮಕ್ಕಳನ್ನು ಆರಿಸಿ ಹೈಸ್ಕೂಲು ಮುಗಿಯುವವರೆಗೂ ಪ್ರತಿ ಭಾನುವಾರ ಕೊಳ್ಳೇಗಾಲದಲ್ಲಿ ವಿಶೇಷ ಪಾಠ ಹೇಳುತ್ತಾರೆಂದು ಅವಳ ಮೇಷ್ಟ್ರು ಹೇಳಿದರು. ಬರೆಯುವ ಪರೀಕ್ಷೆಯಲ್ಲಿ ಪಾಸಾದಳು. ಉಳಿದದ್ದು ಸಂದರ್ಶನ.

ಹನೂರಿನಲ್ಲಿ ಬಸ್ಸು ಬದಲಿಸಿ ಹೋದೆವು. ಕೊಳ್ಳೇಗಾಲದಲ್ಲಿ ಸಂದರ್ಶನದ ಕೋಣೆಯ ಬಾಗಿಲು ತೆರೆದೇ ಇತ್ತು, ನಾನು ಹೊರಗಿನ ಬೆಂಚಿನ ತುದಿಯಲ್ಲಿ ಕೂತಿದ್ದೆ. ಒಳಗಿದ್ದ ಸರ್ ಮೆತ್ತಗೆ, "ಗಣಿತ ಚೆನ್ನಾಗಿ ಬರುತ್ತೇನಮ್ಮ?" ಅಂದರು.

"ಏನೋ ಸುಮಾರಾಗಿ ಬರ್ತದೆ ಸಾ" ಅಂದಳು ನನ್ನ ಮಗಳು.

ಕಷ್ಟದ ಲೆಕ್ಕ ಕೊಟ್ಟರೆ ಮಾಡುತ್ತೀಯಾ ಅಂದದ್ದಕ್ಕೆ, ನೋಡಬೇಕು ಸಾ ಅಂದಳು. ನಗಬೇಡಿ, ಆಗ ನನಗೆ ಹೆಮ್ಮೆಯಾಯಿತು. ಎಷ್ಟು ನಯವಾಗಿ ಮಾತಾಡಿದಳು ಅಂದುಕೊಂಡೆ. ಅವಳ ಹಿಂದೆ ಹೋದ ಹುಡುಗ, ನಮ್ಮ ತಾಲೂಕಿಗೇ ನಾನು ಫಸ್ಟು ಅಂತ ಗಟ್ಟಿಯಾಗಿ ಹೇಳಿದಾಗ, ಇವನೆಂಥ ಬಾಯಿಬಡುಕ ಅನ್ನಿಸಿತು. ಬಾಯಿಬಡುಕನಿಗೆ ಸೀಟು ಸಿಕ್ಕಿತು. ನಮ್ಮವಳಿಗೆ ಆತ್ಮವಿಶ್ವಾಸ ಸಾಲದು ಅಂದರಂತೆ.

ಸೀಟು ಹೋದದ್ದಕ್ಕೆ ನಾನು ಅಷ್ಟೊಂದು ಅಳಲಿಲ್ಲ. ಹೆದರಿದ್ದು ಆಮೇಲೆ. ಆ ಸಲದ ಬೆಳೆಗೆ ಸೊಪ್ಪು ಎಷ್ಟು ಬೇಕೆಂದು ಕೇಳಿದರೆ ಸಿಂಚನಾ, ನನಗೆ ಗೊತ್ತಿಲ್ಲ ಅಂದಳು. ತಟ್ಟೆಗಳ ಕಡೆ ನೋಡಲೂ ಇಲ್ಲ. ಒಂದು ಸಂಜೆ ನಾನು ಅಕ್ಕಿ ಆರಿಸುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತಳು.

"ಅವ್ವ, ನಾನು ಸುಮಾರು ಅಂತ ಸುಮ್ನೆ ಏಳಿದ್ದೆ. ಈಗ ಅದೇ ನಿಜ ಆಗೋಯ್ತಾ?"

ಇಲ್ಲ ಕಣವ್ವ ಅಂದೆ. ಅಷ್ಟೇ. ನೀನು ಜಾಣೆ ಅನ್ನಲು ದೃಷ್ಟಿಯ ಭಯ, ಮತ್ತೆ ಅಕ್ಕಿ ಆರಿಸತೊಡಗಿದೆ. ಆವತ್ತಿನಿಂದ ಅವಳು ಶಾಲೆಯ ಲೆಕ್ಕ ಮಾಡುತ್ತಾಳೆ, ಅಂಕವೂ ಬರುತ್ತದೆ. ಆದರೆ ಕೇಳದೆ ಯಾವುದನ್ನೂ ಹೇಳುವುದಿಲ್ಲ. ಆ ಆಟ ಎಲ್ಲಿ ಹೋಯಿತೋ, ಮತ್ತೆ ಬರುತ್ತದೋ ಇಲ್ಲವೋ ಅಂತ ಎರಡು ವರ್ಷದಿಂದ ಅವಳ ಮುಖವನ್ನೇ ನೋಡುತ್ತಿದ್ದೇನೆ.

ಈ ಬೆಳಗ್ಗೆ ಅದೇ ಮುಖ ನನ್ನ ಕಡೆ ತಿರುಗಿತ್ತು. ಶಿವಮ್ಮಕ್ಕ ಆಗಲೇ ಹೊರಟಿದ್ದರು. ಕೂಗಿ ನಿಲ್ಲಿಸಿದೆ.

"ಸುಮಾರಲ್ಲ ಕಣಕ್ಕ. ಉಳ ಚೆನ್ನಾಗವೆ. ನನ್ ಮಗಳೂ ಜಾಣೆ."

ಜಗುಲಿಯ ಮೇಲಿದ್ದ ಅತ್ತೆ, ಇವಳಿಗೇನು ಬಂತು ಅಂತ ಗೊಣಗುತ್ತಾ ದೃಷ್ಟಿ ತೆಗೆಯಲು ಉಪ್ಪು ಹುಡುಕಿಕೊಂಡು ಒಳಗೆ ಹೋದರು. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಾಗಿತ್ತು. ಗೂಡು ಕಟ್ಟುವ ಮುಂಚೆ ಆಡಬಾರದ್ದನ್ನು ಆಡಿಬಿಟ್ಟಿದ್ದೆ. ಹುಳಕ್ಕೆ ಏನಾದರೂ ಆದರೆ ಅಂತ ತಟ್ಟೆಯೊಂದನ್ನು ಎಳೆದು ನೋಡುತ್ತಾ ನಿಂತೆ.

ಬೆನ್ನ ಹಿಂದಿನಿಂದ ಸಿಂಚನಾ, "ಈ ಸೊಪ್ಪು ಸಾಲಲ್ಲವ್ವ. ನಾಳೆ ಸಂಜೆಗಂಟ ಇನ್ನ ಎರಡು ಒರೆ ಬೇಕು" ಅಂದಳು. ನಾನು ಕೇಳಿರಲೇ ಇಲ್ಲ.

ತಿರುಗಲು ಧೈರ್ಯವಾಗಲಿಲ್ಲ. "ಸುಮಾರಾಗಿ ಏಳ್ತಾ ಇದ್ದೀಯೋ, ಗೊತ್ತಿದ್ದು ಏಳ್ತಾ ಇದ್ದೀಯೋ?" ಅಂದೆ.

"ಗೊತ್ತಿದ್ದೇ" ಅಂದಳು.

ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೊರಟೆ.