ಅವಿಲ್ದತ್ತೆಯ ನೀಲಿ ಕಾರ್ಡು

ಮಾಯಾಗ್ವೆಸ್ ಊರಿನ ನಮ್ಮ ಗುಡ್ಡದ ಓಣಿಯಲ್ಲಿ ಡಿಸೆಂಬರ್ ಬಂತೆಂದರೆ, ಜನ ಕ್ರಿಸ್‌ಮಸ್ಸಿನ ಹಂದಿಗೆ ಹೇಳಿಡುವ ಮುಂಚೆಯೇ ಅವಿಲ್ದತ್ತೆಗೆ ಹೇಳಿಡುತ್ತಿದ್ದರು. ಶುಕ್ರವಾರ ಕೆಳಮನೆಯವರ ಜೊತೆ, ಶನಿವಾರ ತಂಗಿಯ ಮಗಳ ಜೊತೆ, ಹಬ್ಬದ ಹಿಂದಿನ ದಿನವಂತೂ ಯಾವಾಗಲೂ ತಮ್ಮನ ಮಗ ಎದ್ಗಾರ್ದೊನ ಜೊತೆ. ಒಮ್ಮೆ ಇಬ್ಬರು ಒಂದೇ ದಿನಕ್ಕೆ ಕೇಳಿ, ಅವಳ ಜಗಲಿಯ ಮೇಲೇ ಜಗಳವಾಗಿತ್ತು. "ನಾನು ಮೊದಲು ಹೇಳಿದ್ದು!" "ಹೇಳಿದ್ದೇನೋ ಹೌದು, ಕಾಫಿಪುಡಿ ತಂದುಕೊಟ್ಟಿದ್ದು ನಾನಲ್ವಾ!" ಅವಿಲ್ದತ್ತೆ ನಡುವೆ ಕೂತು, ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಾ, ಸ್ವಯಂವರದ ಹುಡುಗಿಯ ಹಾಗೆ ಒಳಗೊಳಗೇ ನಗುತ್ತಿದ್ದಳು.

ಅವಳ ಮೇಲೆ ಇಷ್ಟೊಂದು ಪ್ರೀತಿ ಉಕ್ಕಲು ಕಾರಣ ಒಂದು ನೀಲಿ ಕಾರ್ಡು, ಅಷ್ಟೇ. ಕಾರಿನ ಕನ್ನಡಿಗೆ ನೇತುಹಾಕುವಂಥದ್ದು, ಮೇಲೆ ಗಾಲಿಕುರ್ಚಿಯ ಚಿತ್ರ. ಅದಿದ್ದರೆ ಯಾವ ಅಂಗಡಿಗೆ ಹೋದರೂ ಬಾಗಿಲ ಪಕ್ಕದಲ್ಲೇ ಕಾರು ನಿಲ್ಲಿಸಬಹುದು.

ಆ ಕಾರ್ಡು ಅವಳಿಗೆ ಪುಗಸಟ್ಟೆ ಬಂದದ್ದಲ್ಲ. ಹುಡುಗಿಯಾಗಿದ್ದಾಗಲೇ ಬಂದರಿನ ಟ್ಯೂನಾ ಮೀನಿನ ಕಾರ್ಖಾನೆಗೆ ಸೇರಿದವಳು. ಒದ್ದೆ ನೆಲದ ಮೇಲೆ ರಬ್ಬರ್ ಬೂಟು ಹಾಕಿ ನಿಂತು, ಬೇಯಿಸಿದ ಮೀನಿನ ಚರ್ಮ ಸುಲಿದು ಮುಳ್ಳು ತೆಗೆಯುವ ಕೆಲಸ. ಕೂರುವಂತಿಲ್ಲ, ಒರಗುವಂತಿಲ್ಲ. ಹಾಗೆ ನಿಂತು ನಿಂತೇ ತಮ್ಮನ ಮಕ್ಕಳನ್ನು ಓದಿಸಿದಳು, ಮದುವೆಯ ವಯಸ್ಸು ದಾಟಿಸಿಕೊಂಡಳು. ಕಡೆಗೊಂದು ದಿನ ಕಾರ್ಖಾನೆ ಮುಚ್ಚಿತು. ಅವಳ ಸೊಂಟ ಅದಕ್ಕೂ ಮುಂಚೆಯೇ ಮುಚ್ಚಿಹೋಗಿತ್ತು. ಹತ್ತು ಹೆಜ್ಜೆ ಇಟ್ಟರೆ ಗೋಡೆ ಹಿಡಿದು ನಿಲ್ಲಬೇಕು. ಡಾಕ್ಟರು ಬರೆದುಕೊಟ್ಟರು, ಸಾರಿಗೆ ಕಚೇರಿಯವರು ಕಾರ್ಡು ಕೊಟ್ಟರು.

ಕೌಂಟರಿನ ಹೆಂಗಸು ಪಾಪ, ಎಲ್ಲವನ್ನೂ ಬಿಡಿಸಿ ಹೇಳಿದ್ದಳು. "ನೋಡಿ ಅಮ್ಮ, ಈ ಕಾರ್ಡು ನಿಮ್ಮದು, ಕಾರಿನದ್ದಲ್ಲ. ಯಾರ ಕಾರಲ್ಲಿ ಬೇಕಾದ್ರೂ ಹಾಕಬಹುದು, ಆದರೆ ನೀವೇ ಹತ್ತೋದು ಇಳಿಯೋದು ಇರಬೇಕು. ಯಾರಿಗೂ ಎರವಲು ಕೊಡಬೇಡಿ. ವಾಯಿದೆ ಮುಗಿದಾಗ ಡಾಕ್ಟರು ಮತ್ತೆ ಬರ್ಕೊಡಬೇಕು. ಕಾಲು ವಾಸಿಯಾದ್ರೆ ವಾಪಸ್ ತಂದುಕೊಡಿ."

ಇಷ್ಟೆಲ್ಲ ಮಾತಿನಲ್ಲಿ ಪಕ್ಕದಲ್ಲಿದ್ದ ಎದ್ಗಾರ್ದೊನ ಕಿವಿಗೆ ಬಿದ್ದದ್ದು ಒಂದೇ: ಅತ್ತೆ ಕಾರಿನಲ್ಲಿ ಇರಬೇಕು. ಇದ್ದರಾಯಿತಲ್ಲ! ಇಳಿಯಲೇಬೇಕೆಂದು ಅವನಿಗೆ ಕೇಳಿಸಲಿಲ್ಲ. ಕಾನೂನು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ ನಾವು.

ಅಲ್ಲಿಂದ ಅವಳ ಸವಾರಿ ಶುರುವಾಯಿತು. ಅದಕ್ಕೆ ಮುಂಚೆ ಅವಳನ್ನು ಯಾರು ಎಲ್ಲಿಗೆ ಕರೆಯುತ್ತಿದ್ದರು? ಮದುವೆಯಾಗದ ಅತ್ತೆ ಎಂದರೆ, ಎಲ್ಲರೂ ಹೊರಟಾಗ ಮನೆ ಕಾಯುವವಳು. ಈಗ ನೋಡಿದರೆ ವಾರದಲ್ಲಿ ಮೂರು ದಿನ ಹಾರನ್ ಕೇಳಿಸುತ್ತಿತ್ತು. "ಆಶೀರ್ವಾದ, ಅತ್ತೆ!" ಎಂದು ಕೂಗುತ್ತಿದ್ದರು, ನಮ್ಮಲ್ಲಿ ಹಿರಿಯರನ್ನು ಕಂಡಾಗ ಮೊದಲ ಮಾತೂ ಹೊರಡುವಾಗ ಕಡೆಯ ಮಾತೂ ಅದೇ. "ದೇವರು ಒಳ್ಳೇದು ಮಾಡ್ಲಿ" ಎನ್ನುತ್ತಾ ಅವಳು ಕೋಲೂರಿ ಇಳಿದು ಬರುತ್ತಿದ್ದಳು, ತುಟಿಗೆ ಬಣ್ಣ ಹಚ್ಚಿಕೊಂಡು, ಕಿವಿಗೆ ಓಲೆ ಹಾಕಿಕೊಂಡು.

ಅಂಗಡಿ ತಲುಪಿದ ಮೇಲೆ ಅವರು ಒಳಗೆ, ಅವಳು ಕಾರಿನಲ್ಲಿ. ಕಿಟಕಿ ಇಳಿಸಿ, ಕೈಗೊಂದು ತಣ್ಣನೆಯ ಮಾಲ್ತಾ ಪಾನೀಯದ ಬಾಟಲಿ ಕೊಟ್ಟು, "ಐದು ನಿಮಿಷ ಅತ್ತೆ, ಬಂದ್ಬಿಟ್ವಿ" ಎಂದು ಹೋದರೆ, ಬಾಟಲಿ ಖಾಲಿಯಾಗಿ, ಒಳಗಿನ ಬೆವರೂ ಖಾಲಿಯಾಗಿ, ಆಮೇಲೆ ಬರುತ್ತಿದ್ದರು. ಹೀಗೆ ಆರು ವರ್ಷದಲ್ಲಿ ನಮ್ಮ ದ್ವೀಪದ ಪಶ್ಚಿಮ ಕರಾವಳಿಯ ಎಲ್ಲ ದೊಡ್ಡ ಅಂಗಡಿಗಳ ಬಾಗಿಲೂ ಅವಳಿಗೆ ಬಾಯಿಪಾಠವಾಯಿತು. ಯಾವುದು ತಾನೇ ತೆರೆಯುತ್ತದೆ, ಯಾವುದರಿಂದ ಬ್ರೆಡ್ಡಿನ ವಾಸನೆ ಬರುತ್ತದೆ, ಎಲ್ಲ ಹೇಳುತ್ತಿದ್ದಳು. ಒಳಗೇನಿದೆ ಎಂದು ಮಾತ್ರ ಗೊತ್ತಿರಲಿಲ್ಲ. ಇದರಲ್ಲಿ ಅವಮಾನವಿದೆ ಎಂದು ಅವಳಿಗೆ ಅನಿಸಿರಲಿಲ್ಲವೇ? ಅನಿಸಿತ್ತು ಕಣ್ರೀ. ಆದರೆ ಮನೆಯಲ್ಲಿ ಗೋಡೆ ನೋಡುವುದಕ್ಕಿಂತ ಬಾಗಿಲು ನೋಡುವುದು ವಾಸಿ ಎಂದು ಸುಮ್ಮನಿದ್ದಳು.

ಹೋದ ಸೆಪ್ಟೆಂಬರಿನಲ್ಲಿ ಅವಳಿಗೆ ಸೊಂಟದ ಆಪರೇಷನ್ ಆಯಿತು. ಹಳೆಯ ಕೀಲು ತೆಗೆದು ಹೊಸದು ಹಾಕಿದರು. ನವೆಂಬರ್ ಮುಗಿಯುವಷ್ಟರಲ್ಲಿ ಮನೆಯೊಳಗೆ ಕೋಲಿಲ್ಲದೆ ನಡೆಯತೊಡಗಿದಳು. ಡಾಕ್ಟರಿಗಂತೂ ಹಿಗ್ಗೋ ಹಿಗ್ಗು. "ಅವಿಲ್ದಮ್ಮ, ನೀವಿನ್ನು ಕುಣೀಬಹುದು! ಜನವರಿಗೆ ಕಾರ್ಡಿನ ವಾಯಿದೆ ಮುಗಿಯುತ್ತೆ ಅಲ್ವಾ? ಇನ್ನು ಬರ್ಕೊಡೋ ಹಾಗಿಲ್ಲ, ನಿಮಗದು ಬೇಕಾಗೂ ಇಲ್ಲ."

ಸಂತೋಷದ ಸುದ್ದಿಯೇ. ಆದರೆ ಅವಿಲ್ದತ್ತೆಯ ಲೆಕ್ಕವೇ ಬೇರೆ. ಕಾರ್ಡು ಹೋದರೆ ಹಾರನ್ನೂ ಹೋಯಿತು. ಮತ್ತೆ ಊಟಕ್ಕಿಲ್ಲದ ಉಪ್ಪಿನಕಾಯಿಯಾಗಿ ಮನೆ ಕಾಯುತ್ತಾ ಕೂರಬೇಕು. ವಾಸಿಯಾದ ಕಾಲಿಗೆ ಅಳುವವರು ಲೋಕದಲ್ಲಿ ಯಾರಾದರೂ ಇದ್ದಾರೆಯೇ? ಅವಳು ಬಸ್ಸಿನಲ್ಲಿ ಅತ್ತಳು.

ಆವತ್ತಿನಿಂದ ಓಣಿಯಲ್ಲಿ ಕೋಲೂರಿ ಕುಂಟುವುದು, ಮನೆಯೊಳಗೆ ಬಾಗಿಲು ಹಾಕಿಕೊಂಡು ನೆಟ್ಟಗೆ ನಡೆಯುವುದು. ರೇಡಿಯೋದಲ್ಲಿ ಪ್ಲೇನಾ ಹಾಡು ಬಂದರೆ ನೆಲ ಒರೆಸುವ ಕೋಲನ್ನೇ ಜೊತೆಗಾರ ಮಾಡಿಕೊಂಡು ಎರಡು ಸುತ್ತು ಕುಣಿಯುತ್ತಿದ್ದಳು. ಒಮ್ಮೆ ಕುರ್ಚಿ ಹತ್ತಿ ಪರದೆ ಕಟ್ಟುತ್ತಿದ್ದಾಗ, ಎದ್ಗಾರ್ದೊನ ಹೆಂಡತಿ ಇವೆಲಿಸ್ ಹಿತ್ತಿಲ ಕಿಟಕಿಯ ಹತ್ತಿರ ಹಾದುಹೋದಳು. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಪಾಸ್ತೆಲೆಗಳ ತಟ್ಟೆ. ಅವಿಲ್ದತ್ತೆ ದಡಬಡನೆ ಇಳಿದು ಕೋಲು ಹುಡುಕಿದಳು. ಇವೆಲಿಸ್ ಮಾತು ಕಡಿಮೆಯ ಹೆಂಗಸು, ಮುಖವೂ ಸ್ವಲ್ಪ ಸಿಡುಕು. ತಟ್ಟೆ ಇಟ್ಟು, "ಬಿಸಿ ಇದೆ, ನಿಧಾನಕ್ಕೆ ತಿನ್ನಿ" ಎಂದಷ್ಟೇ ಹೇಳಿ ಹೋದಳು. ನೋಡಿದಳೋ ಇಲ್ಲವೋ, ಅವಿಲ್ದತ್ತೆಗೆ ತಿಳಿಯಲಿಲ್ಲ.

ಜನವರಿ ಐದು, ಮೂವರು ರಾಜರ ಹಬ್ಬದ ಹಿಂದಿನ ದಿನ ಬಂತು. ರಾತ್ರಿ ಉಡುಗೊರೆ ತರುವ ರಾಜರ ಒಂಟೆಗಳಿಗೆಂದು ಮಕ್ಕಳು ಡಬ್ಬಿಗೆ ಹುಲ್ಲು ತುಂಬುವ ದಿನ, ಅಪ್ಪ ಅಮ್ಮಂದಿರು ಅಂಗಡಿಗೆ ಎದ್ದುಬಿದ್ದು ಓಡುವ ದಿನ. ದೊಡ್ಡ ಅಂಗಡಿಯ ಮುಂದೆ ಸೂಜಿ ಮೊನೆಯಷ್ಟೂ ಜಾಗವಿಲ್ಲ. ಬಾಗಿಲ ಪಕ್ಕದ ನೀಲಿ ಜಾಗಗಳಲ್ಲಿ ಒಂದೇ ಒಂದು ಉಳಿದಿತ್ತು, ಪಕ್ಕದಲ್ಲಿ ಗೀಟೆಳೆದ ಅಗಲವಾದ ಜಾಗವಿದ್ದದ್ದು.

"ನಮ್ಮತ್ತೆ ಅಂದ್ರೆ ಸುಮ್ನೇನಾ!" ಎಂದು ಎದ್ಗಾರ್ದೊ ಕಾರು ನುಗ್ಗಿಸಿ, ಕಾರ್ಡು ನೇತುಹಾಕಿ, ಕೀಲಿ ಜೇಬಿಗಿಳಿಸಿದ. ಮಾಲ್ತಾ ಕೈಗೆ ಬಂತು. ಗಂಡಹೆಂಡತಿ ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಒಂದು ಹಳೆಯ ವ್ಯಾನು ಬಂದು ಹಿಂದೆ ನಿಂತಿತು. ಓಡಿಸುತ್ತಿದ್ದವನು ನಲವತ್ತರ ಆಸುಪಾಸಿನ ಗಂಡಸು, ಕೂತಿದ್ದದ್ದು ಗಾಲಿಕುರ್ಚಿಯಲ್ಲೇ. ಅವನ ಕನ್ನಡಿಗೂ ಅಂಥದ್ದೇ ಕಾರ್ಡು.

"ಅಮ್ಮಾ, ಹೊರಡ್ತಾ ಇದೀರಾ?" ಎಂದು ಕಿಟಕಿಯಿಂದ ಕೇಳಿದ.

"ಇಲ್ಲಪ್ಪ. ಹುಡುಗ ಒಳಗಿದಾನೆ."

"ಸರಿ ಬಿಡಿ, ಒಂದು ಸುತ್ತು ಹಾಕ್ಕೊಂಡು ಬರ್ತೀನಿ."

ಸುತ್ತು ಹಾಕಿ ಬಂದ. ಮತ್ತೆ ಹೋದ. ದೂರದಲ್ಲಿ ಒಂದು ಮಾಮೂಲಿ ಜಾಗ ಖಾಲಿಯಾಯಿತು, ಅವನು ಅದನ್ನು ಬಿಟ್ಟು ಮುಂದೆ ಬಂದದ್ದನ್ನು ಅವಿಲ್ದತ್ತೆ ನೋಡಿದಳು. ಅವನು ಹತ್ತಿರ ಬಂದಾಗ ಕೇಳಿಯೇಬಿಟ್ಟಳು, "ಅಲ್ಲಿ ಜಾಗ ಇತ್ತಲ್ಲಪ್ಪ, ಯಾಕೆ ನಿಲ್ಲಿಸ್ಲಿಲ್ಲ?"

"ಅಲ್ಲಿ ಕುರ್ಚಿ ಇಳಿಸೋ ಹಲಗೆ ಬಿಚ್ಚೋಕಾಗಲ್ಲಮ್ಮ. ಹೇಗೋ ಇಳಿದ್ರೂ, ವಾಪಸ್ ಬರೋ ಹೊತ್ತಿಗೆ ಪಕ್ಕದಲ್ಲಿ ಯಾವನೋ ಅಂಟಿಸಿ ನಿಲ್ಲಿಸಿರ್ತಾನೆ. ಹೋದ ವರ್ಷ ಹಾಗೇ ಮಳೇಲಿ ನೆನೀತಾ ಕಾದಿದ್ದೆ, ಅವನು ಬರೋವರೆಗೂ." ನಕ್ಕ. "ಮಗಳು ಹುಲ್ಲು ಕಿತ್ತಿಟ್ಕೊಂಡು ಕೂತಿದಾಳೆ, ಒಂದು ಗೊಂಬೆ ತಗೊಂಡ್ರೆ ಆಯ್ತು. ಇರ್ಲಿ ಬಿಡಿ. ನಿಮಗೂ ನೋವಿರುತ್ತಲ್ಲ, ನಿಮಗೂ ಬೇಕಲ್ಲ ಜಾಗ."

ಅವನು ಬೈದಿದ್ದರೆ ಅವಿಲ್ದತ್ತೆ ತಿರುಗಿ ನಾಲ್ಕು ಬೈದು ತಣ್ಣಗಾಗುತ್ತಿದ್ದಳು. ಟ್ಯೂನಾ ಕಾರ್ಖಾನೆಯ ಬಾಯಿ ಅದು. ಅವನು ಬೈಯಲಿಲ್ಲ, ಅವಳ ನೋವನ್ನು ನಂಬಿದ. ಇಲ್ಲದ ನೋವನ್ನು! ಆ ನೋವು ಎಂಥದ್ದೆಂದು ಅವಳಿಗೆ ಗೊತ್ತಿತ್ತು, ಅದರ ಜೊತೆ ವರ್ಷಗಟ್ಟಲೆ ಬಾಳಿದವಳು ಅವಳು.

"ಇಲ್ಲೇ ನಿಂತಿರಪ್ಪ. ಎಲ್ಲೂ ಹೋಗ್ಬೇಡ" ಎಂದವಳೇ ಬಾಗಿಲು ತೆರೆದು ಇಳಿದಳು. ಕೋಲು ಸೀಟಿನ ಮೇಲೇ ಉಳಿಯಿತು. ನೆಟ್ಟಗೆ, ಬಿರಬಿರನೆ ನಡೆದು ಅಂಗಡಿಯ ಗಾಜಿನ ಬಾಗಿಲಿಗೆ ಹೋದಳು. ಒಳಗೆ ಜನವೋ ಜನ, ಕಾಲಿಡಲು ಜಾಗವಿಲ್ಲ. ಅವಳು ಹೊಸ್ತಿಲಲ್ಲೇ ನಿಂತು, ಯಂತ್ರಗಳ ಗದ್ದಲದ ಮೇಲೆ ಕೂಗಿ ಪಳಗಿದ ಗಂಟಲಿನಿಂದ ಒಂದೇ ಒಂದು ಸಲ ಕೂಗಿದಳು.

"ಎದ್ಗಾರ್ದೋ! ಬಂದು ಕಾರು ತೆಗಿ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎದ್ಗಾರ್ದೊ ಜನರನ್ನು ಸೀಳಿಕೊಂಡು ಗಾಬರಿಯಿಂದ ಓಡಿಬಂದ. "ಏನಾಯ್ತತ್ತೆ? ಮೈ ಸರಿ ಇಲ್ವಾ? ಅರೆ, ನಿಮ್ಮ ಕೋಲೆಲ್ಲಿ?"

"ಕಾರಲ್ಲಿದೆ. ನಂಗೀಗ ಕೋಲು ಬೇಡ, ನವೆಂಬರಿಂದಾನೇ ಬೇಡ. ಆ ವ್ಯಾನಿನ ಹುಡುಗನಿಗೆ ಜಾಗ ಬೇಕು. ತೆಗಿ."

"ಏನಂದ್ರಿ? ಇಷ್ಟು ದಿನ ನಾಟಕಾನಾ?" ಅವನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. "ದಿನಾ ಕೈ ಹಿಡಿದು ಹತ್ತಿಸ್ತಿದ್ನಲ್ಲ ನಾನು!"

"ಹತ್ತಿಸ್ತಿದ್ದೆ. ಯಾವತ್ತಾದ್ರೂ ಇಳಿಸಿದ್ದೀಯೇನೋ?"

ಎದ್ಗಾರ್ದೊ ಜೇಬಿನಿಂದ ಕೀಲಿ ಹೊರತೆಗೆದ. ಹಲ್ಲು ಕಚ್ಚಿ ಕಾರು ತೆಗೆದ. ವ್ಯಾನು ಒಳಗೆ ಬಂತು, ಹಲಗೆ ಬಿಚ್ಚಿಕೊಂಡು ಗೀಟೆಳೆದ ಜಾಗದ ಮೇಲೆ ಇಳಿಯಿತು, ಆ ಗಂಡಸು ಕೈಯೆತ್ತಿ ನಮಸ್ಕರಿಸಿ ಒಳಗೆ ಉರುಳಿಕೊಂಡು ಹೋದ. ಆಮೇಲೆ ಮೂವರೂ ಮನೆಗೆ ವಾಪಸಾದರು. ಅವಳನ್ನು ಇಳಿಸಿದ ಎದ್ಗಾರ್ದೊ ಆಶೀರ್ವಾದ ಕೇಳದೆ ಹೋದ. ತೊದಲು ಮಾತು ಕಲಿತಾಗಿನಿಂದ ಅವನು ಹಾಗೆ ಹೋದದ್ದು ಅದೇ ಮೊದಲು. ಅವಳು ಅವನ ಬೆನ್ನಿಗೇ "ದೇವರು ಒಳ್ಳೇದು ಮಾಡ್ಲಿ" ಎಂದಳು.

ಹಬ್ಬ ಮುಗಿದ ಮೇಲೆ ಬಸ್ಸು ಹಿಡಿದು ಸಾರಿಗೆ ಕಚೇರಿಗೆ ಹೋಗಿ ಕಾರ್ಡನ್ನು ಕೌಂಟರಿನ ಮೇಲಿಟ್ಟಳು.

"ಇದ್ಯಾಕಮ್ಮ?" ಎಂದಳು ಕೌಂಟರಿನ ಹೆಂಗಸು.

"ಕಾಲು ವಾಸಿಯಾಯ್ತು. ವಾಪಸ್ ತಂದುಕೊಡಿ ಅಂದಿದ್ರಲ್ಲ."

ಆ ಹೆಂಗಸು ಕಾರ್ಡನ್ನು ತಿರುವಿ ಹೆಸರು ನೋಡಿದಳು. "ಸತ್ತೋರದ್ದನ್ನೇ ಯಾರೂ ತಂದುಕೊಡಲ್ಲಮ್ಮ. ನಡ್ಕೊಂಡು ಬಂದು ಕೊಟ್ಟೋರನ್ನ ಇವತ್ತೇ ನೋಡಿದ್ದು."

ಅಲ್ಲಿಗೆ ಹಾರನ್ ನಿಂತುಹೋಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ತಂಗಿಯ ಮಗಳಿಗೆ ಒಮ್ಮೆಲೇ ಕೆಲಸ ಜಾಸ್ತಿಯಾಯಿತು, ಕೆಳಮನೆಯವರ ಕಾರು ಸದ್ದಿಲ್ಲದೆ ಗುಡ್ಡ ಇಳಿಯುವುದನ್ನು ಕಲಿಯಿತು. ಫೆಬ್ರವರಿಯಲ್ಲಿ ಕಾಂದೆಲಾರಿಯಾ ಮಾತೆಯ ಹಬ್ಬಕ್ಕೆ ಓಣಿಗೆ ಓಣಿಯೇ ಹೊರಟಿತು. "ದೂರದಿಂದ ನಡೀಬೇಕಲ್ಲ, ಅತ್ತೆಗೆ ಸುಸ್ತಾಗುತ್ತೆ" ಎಂದು ಯಾರೋ ಹೇಳಿದ್ದು ಜಗಲಿಯವರೆಗೂ ಕೇಳಿಸಿತು. ನಡೆಯಲಾಗದಿದ್ದಾಗ ಎಲ್ಲ ಕಡೆ ಕರೆದೊಯ್ದವರು, ನಡೆಯಲು ಬಂದ ಮೇಲೆ ಸುಸ್ತಾಗುತ್ತದೆ ಎಂದು ಬಿಟ್ಟುಹೋದರು. ಇಂಥ ಮಾತಿಗೆ ಏನೆನ್ನಬೇಕು ಹೇಳಿ. ಅವಿಲ್ದತ್ತೆ ಓಲೆ ಬಿಚ್ಚಿಟ್ಟು ಬಟಾಣಿ ಸುಲಿಯುತ್ತಾ ಕೂತಳು.

ಆಮೇಲೊಂದು ಶನಿವಾರ ಮನೆ ಮುಂದೆ ಹಾರನ್ ಕೇಳಿಸಿತು. ಅವಳಿಗೆ ನಂಬಿಕೆ ಬರಲಿಲ್ಲ, ಪಕ್ಕದ ಮನೆಗಿರಬೇಕೆಂದುಕೊಂಡಳು. ಮತ್ತೆ ಹೊಡೆಯಿತು. ಇಣುಕಿದರೆ ಇವೆಲಿಸ್, ಒಬ್ಬಳೇ.

"ಆಶೀರ್ವಾದ, ಅತ್ತೆ. ಹತ್ತಿ, ಅಂಗಡಿಗೆ ಹೋಗೋಣ."

"ನನ್ನ ಹತ್ರ ಕಾರ್ಡಿಲ್ವಲ್ಲೇ."

"ಗೊತ್ತು. ಓಲೆ ಹಾಕ್ಕೊಂಡು ಬನ್ನಿ."

ಇವೆಲಿಸ್ ಕಾರನ್ನು ಅಂಗಡಿ ಮುಂದಿನ ಮೈದಾನದ ಆ ತುದಿಯಲ್ಲಿ, ಬಾದಾಮಿ ಮರದ ಕೆಳಗೆ ನಿಲ್ಲಿಸಿದಳು. ಇಬ್ಬರೂ ಬಿಸಿಲಲ್ಲಿ ನಿಧಾನವಾಗಿ ನಡೆದರು. ಅರ್ಧ ದಾರಿಯಲ್ಲಿ ಇವೆಲಿಸ್ ನೆಲ ನೋಡುತ್ತಾ ಹೇಳಿದಳು, "ನೀವು ಕುರ್ಚಿ ಹತ್ತಿ ಪರದೆ ಕಟ್ಟಿದ್ದು ನಾನು ನೋಡಿದ್ದೆ, ಅತ್ತೆ."

"ನೋಡಿಯೂ ಸುಮ್ನಿದ್ದೆಯಾ?"

"ಹೇಳಿದ್ರೆ ನಿಮ್ಮನ್ನ ಯಾರೂ ಕರ್ಕೊಂಡು ಹೋಗಲ್ಲ ಅಂತ ಗೊತ್ತಿತ್ತು. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ." ಬೆವರು ಒರೆಸಿಕೊಂಡು, "ಆದರೆ ಕಾರಲ್ಲಿ ಬಿಟ್ಟು ಹೋಗ್ತಿದ್ದೋರಲ್ಲಿ ನಾನೂ ಒಬ್ಬಳಲ್ವಾ. ನೀವು ಕೂಗಿದ ಮೇಲೆ ನಂಗೆ ನಿದ್ದೆ ಬಂದಿಲ್ಲ."

ಅವಿಲ್ದತ್ತೆ ಅವಳ ಕೈ ಹಿಡಿದುಕೊಂಡಳು, ಅಷ್ಟೆ.

ಬಾಗಿಲ ಪಕ್ಕದ ನೀಲಿ ಜಾಗದಲ್ಲಿ ಒಂದು ಕಾರು ನಿಂತಿತ್ತು. ಕನ್ನಡಿಗೆ ಕಾರ್ಡು. ಕಿಟಕಿ ಇಳಿಸಿಕೊಂಡು ಒಬ್ಬ ಮುದುಕ ಒಬ್ಬನೇ ಕೂತಿದ್ದ, ಇಸ್ತ್ರಿ ಹಾಕಿದ ಅಂಗಿ, ತಲೆಗೆ ಹ್ಯಾಟು, ಕೈಯಲ್ಲಿ ಬೆಚ್ಚಗಾದ ಮಾಲ್ತಾ. ಅವಿಲ್ದತ್ತೆ ನಿಂತಳು. ಅಂಗಡಿಯ ಬಾಗಿಲು ಅವಳೆದುರು ತಾನಾಗಿ ತೆರೆಯಿತು, ಒಳಗಿನ ತಣ್ಣನೆ ಗಾಳಿ ಮುಖಕ್ಕೆ ಬಂತು. ಅವಳು ಒಳಗೆ ಹೋಗದೆ ಮುದುಕನ ಕಾರಿನ ಕಿಟಕಿಗೆ ತಲೆಯಿಟ್ಟಳು.

"ಯಜಮಾನ್ರೇ, ಇಳಿದು ಬನ್ನಿ. ಒಳಗೆ ತಂಪಾಗಿದೆಯಂತೆ."

"ಇಲ್ಲೇ ಇರು ಅಂದಿದಾರಮ್ಮ. ಐದು ನಿಮಿಷದಲ್ಲಿ ಬರ್ತಾರಂತೆ."

"ನಂಗೂ ಹಾಗೇ ಅಂದಿದ್ರು" ಎನ್ನುತ್ತಾ ಅವಿಲ್ದತ್ತೆ ಕಾರಿನ ಬಾಗಿಲು ತೆಗೆದಳು. "ಆರು ವರ್ಷ ಆಯ್ತು. ಕೈ ಕೊಡಿ."